ಚಪ್ಪಲಿ ಅಂಕಲ್

ಚಿ. ಕೂಸಿಗೆ,

ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ ಅಂತ ಬರೆಯುವುದು ರೂಢಿ. ಕ್ಷೇಮ ಎಷ್ಟರ ಮಟ್ಟಿಗೆ ಅಂತ ನಿನಗೂ ಗೊತ್ತು, ಬಿಡು. ನೀನು ಮೊಬೈಲಿಗೆ ಕಳಿಸಿದ್ದನ್ನು ಪಕ್ಕದ ಮನೆ ಹುಡುಗ ಅಕ್ಷರ ದೊಡ್ಡದು ಮಾಡಿಕೊಟ್ಟ, ಓದಿದೆ. ನಿನ್ನಮ್ಮನ ಮಂಡಿನೋವು, ಬ್ಯಾಂಕಿನವರು ಮತ್ತೆ ಮತ್ತೆ ಕೇಳುವ ಕಾಗದಪತ್ರ, ಅಪ್ಪನ ವರ್ಷಾಂತಿಕ ಊರಲ್ಲೋ ಬೆಂಗಳೂರಲ್ಲೋ ಅನ್ನುವುದು, ಇವಕ್ಕೆಲ್ಲ ಫೋನಿನಲ್ಲಿ ಹೇಳುತ್ತೇನೆ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ಹೇಳಿ ಹೇಳಿ ಅಪ್ಪನನ್ನ ಸವೆಸಿಬಿಡ್ತಿದ್ದೀನಾ ಅತ್ತೆ?’ ಅಂತ, ಅದನ್ನು ಓದಿದ ಮೇಲೆ ಹಂಡೆಗೆ ಬೆಂಕಿ ಹಾಕುವುದೂ ಮರೆತುಹೋಯಿತು. ಫೋನಿನಲ್ಲಿ ಆಡುವ ಮಾತಲ್ಲ ಅನ್ನಿಸಿ ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಪಟ್ಟ, ಸುಧಾರಿಸಿಕೊ.

ಲಿಫ್ಟಿನ ಕಥೆ ಆಫೀಸಿನ ಊಟದ ಹೊತ್ತಿನಲ್ಲಿ ಹೇಳಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು, ನೀನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಲ್ಲಿಯವರೆಗೂ ಸರಿಯೇ. ಮಾರನೇ ದಿನ ನಿನ್ನ ಆಫೀಸಿನ ಹುಡುಗನೊಬ್ಬ ‘ನಿಮ್ಮ ಚಪ್ಪಲಿ ಅಂಕಲ್‌ದು ಇನ್ನೊಂದು ಹೇಳಿ’ ಅಂದನಂತೆ. ಅವತ್ತು ರಾತ್ರಿಯಿಂದ ನಿನಗೆ ನಿದ್ದೆ ಇಲ್ಲ. ಅರವತ್ತಾರು ವರ್ಷ ಬದುಕಿದ ಮನುಷ್ಯ, ಲಿಫ್ಟನ್ನು ದೇವಸ್ಥಾನ ಅಂದುಕೊಂಡು ಹೊರಗೆ ಚಪ್ಪಲಿ ಬಿಟ್ಟು ಹತ್ತಿದ ಅಂಕಲ್ ಆಗಿ ಉಳಿದುಬಿಟ್ಟರೆ ಅಂತ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ ನೋಡು. ಅವನಿಗೆ ನಿನ್ನಪ್ಪ ಸಿಕ್ಕಿದ್ದೇ ಅಷ್ಟು.

ಸವೆಯುವುದಿಲ್ಲ ಅಂತ ಬರೆದುಬಿಟ್ಟರೆ ನಿನಗೆ ಇವತ್ತು ನಿದ್ದೆ ಬರಬಹುದು. ಆದರೆ ಸವೆಯುತ್ತದೆ. ನಿನ್ನ ಮಾವ ನನ್ನನ್ನು ನೋಡಲು ಬಂದ ದಿನದ ಕಥೆ ನಿನಗೆ ಬಾಯಿಪಾಠ: ಕವಳಕ್ಕೆ ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಟುಕೊಂಡು ತುಟಿ ಬಿಚ್ಚದೆ ಕೂತರು, ಅಪ್ಪಯ್ಯ ‘ಹುಡುಗ ಬಲು ಗಂಭೀರ’ ಅಂತ ಮೆಚ್ಚಿ ಒಪ್ಪಿಬಿಟ್ಟರು. ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಕಣ್ಣು ಮುಚ್ಚಿದರೆ ಆ ಜಗಲಿ ಕಾಣುತ್ತದೆ, ಸುಣ್ಣದ ಡಬ್ಬಿ ಕಾಣುತ್ತದೆ, ಜನ ಎಲ್ಲಿ ನಗುತ್ತಾರೆ ಅನ್ನುವುದೂ ಗೊತ್ತು. ಅವರ ಮುಖ ಮಾತ್ರ ಕಾಣುವುದಿಲ್ಲ. ಫೋಟೋದಲ್ಲಿರುವ ಮುಖ ತಂದು ಅಲ್ಲಿ ಕೂರಿಸುತ್ತೇನೆ. ಅದಕ್ಕೇ ನಿನ್ನ ಸಾಲು ನನಗೆ ಅಷ್ಟು ನಾಟಿದ್ದು.

ಆದರೂ ಹೇಳು ಅಂತಲೇ ಹೇಳುತ್ತೇನೆ. ಯಾಕೆ ಅಂದರೆ ಯಾರೂ ಹೇಳದೆ ಉಳಿದುಹೋದವಳು ಒಬ್ಬಳಿದ್ದಾಳೆ ನಮ್ಮ ಮನೆಯಲ್ಲಿ.

ನಿನ್ನಪ್ಪನಿಗೂ ನನಗೂ ಮೇಲೆ ಒಬ್ಬಳು ಅಕ್ಕ ಇದ್ದಳು ಅನ್ನುವುದು ನಿನಗೆ ಗೊತ್ತಿದೆ, ಅಷ್ಟೇ ಗೊತ್ತಿದೆ. ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ. ನಮ್ಮ ಹಳೇ ಮನೆ ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ಇನ್ನೂ ಆ ಮನೆಯಲ್ಲಿದ್ದಾಗ, ಅವಳಿಗೆ ಜ್ವರ ಬಂತು. ಎತ್ತಿನ ಗಾಡಿ ಸಾಗರ ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಎತ್ತಬಾರದು ಅಂತ ಯಾರೂ ಹೇಳಿದ್ದೂ ಇಲ್ಲ. ಆಯಿ ಅವಳ ಲಂಗಗಳನ್ನು ನನಗೆ ಚಿಕ್ಕದು ಮಾಡಿ ಹೊಲಿದು ತೊಡಿಸಿದಳು, ಯಾರದು ಅಂತ ಹೇಳಲಿಲ್ಲ. ನನಗೆ ಗೊತ್ತಿತ್ತು, ಕೇಳಲಿಲ್ಲ. ಅವಳಲ್ಲಿ ನನಗೆ ಉಳಿದಿರುವುದು ತಲೆ ಬಾಚುವಾಗ ಜಡೆಯನ್ನು ಬಿಗಿಯಾಗಿ ಎಳೆಯುತ್ತಿದ್ದ ಕೈ ಮಾತ್ರ. ಅವಳು ಹೇಗೆ ನಗುತ್ತಿದ್ದಳು, ಯಾವುದಕ್ಕೆ ಹೆದರುತ್ತಿದ್ದಳು, ಯಾವ ಪೆದ್ದುತನ ಮಾಡಿದ್ದಳು, ಒಂದೂ ಇಲ್ಲ. ಆಯಿ ತೊಂಬತ್ತರ ಹತ್ತಿರದವರೆಗೆ ಬದುಕಿದ್ದಳಲ್ಲ, ಯಾವತ್ತಾದರೂ ಒಂದು ಸಂಜೆ ಕೇಳಬಹುದಿತ್ತು. ಅವಳಿಗೆ ನೋವಾಗುತ್ತದೆ ಅಂತ ನಾವು ಸುಮ್ಮನಿದ್ದೆವು, ನಮಗೆ ನೋವಾಗುತ್ತದೆ ಅಂತ ಅವಳು ಸುಮ್ಮನಿದ್ದಳೋ ಏನೋ.

ಅಡಿಕೆ ಸುಲಿತದ ದಿನಗಳನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತ ಹೆಂಗಸರು ಸತ್ತವರನ್ನೆಲ್ಲ ಎಬ್ಬಿಸಿ ಅಂಗಳಕ್ಕೆ ತರುತ್ತಿದ್ದರು. ಜುಗ್ಗ ದೊಡ್ಡಪ್ಪ, ಹುಲಿ ಅಂದುಕೊಂಡು ತನ್ನದೇ ಕರುವಿಗೆ ದೊಣ್ಣೆ ಎತ್ತಿದ ಮಾವ, ಹೀಗೆ. ನಾನು ಕಣ್ಣಲ್ಲಿ ನೋಡದವರು ಅವರು, ಆದರೂ ನನಗೆ ಅವರ ನಡಿಗೆ ಗೊತ್ತು. ಅಕ್ಕ ಮಾತ್ರ ಆ ಅಂಗಳಕ್ಕೆ ಒಂದು ದಿನವೂ ಬರಲಿಲ್ಲ.

ಎಲ್ಲಿಂದ ಎಲ್ಲಿಗೋ ಹೋಯಿತು ಕೂಸೇ. ನಿನ್ನ ಭಯದ ವಿಷಯ ಹೇಳುತ್ತಿದ್ದೆ.

ನಿನ್ನಪ್ಪ ಈ ತಮಾಷೆಯ ಮನುಷ್ಯ ಹೇಗಾದ ಅಂತ ಯಾವತ್ತಾದರೂ ಹೇಳಿದ್ದನಾ? ಹೇಳಿರಲಿಕ್ಕಿಲ್ಲ. ಅಪ್ಪಯ್ಯ ‘ಕೊರವಂಜಿ’ ತರಿಸುತ್ತಿದ್ದರು. ರಾ.ಶಿ. ಅಂದರೆ ಡಾಕ್ಟರ್ ಶಿವರಾಂ 1942ರಲ್ಲಿ ಶುರು ಮಾಡಿದ ನಗೆ ಪತ್ರಿಕೆ, ಆರ್. ಕೆ. ಲಕ್ಷ್ಮಣ್ ಕೂಡ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಆ ಕಾಡಿನ ಮಧ್ಯದ ಮನೆಗೆ ಅದು ಅಂಚೆಯಲ್ಲಿ ಬರುತ್ತಿತ್ತು, ಅಪ್ಪಯ್ಯ ಜಗಲಿಯಲ್ಲಿ ಒಬ್ಬರೇ ಓದಿಕೊಂಡು ನಗುತ್ತಿದ್ದರು. ಅಕ್ಕ ಹೋದ ಮೇಲೂ ಚಂದಾ ಮುಗಿದಿರಲಿಲ್ಲವೇನೋ, ಸಂಚಿಕೆಗಳು ಬರುತ್ತಲೇ ಇದ್ದವು. ಅಪ್ಪಯ್ಯ ಸುತ್ತಿದ ಕಾಗದ ಹರಿಯದೆ, ಅಂಚೆ ಮುದ್ರೆ ಇದ್ದ ಹಾಗೇ, ಅಟ್ಟಕ್ಕೆ ಹಾಕುತ್ತಿದ್ದರು. ಮುಳುಗಡೆಯಾಗಿ ಮನೆ ಬಿಡುವಾಗ ಆ ಕಟ್ಟು ಹೇಗೋ ಪಾತ್ರೆಗಳ ಜೊತೆ ಗಾಡಿ ಹತ್ತಿತು. ಹೊಸ ಮನೆಗೆ ಬಂದ ಮೇಲೆ, ಅಕ್ಷರ ಕೂಡಿಸಿ ಓದಲು ಬಂದ ನಿನ್ನಪ್ಪ ಅವನ್ನು ಒಂದೊಂದಾಗಿ ಹರಿದ. ಅರ್ಥವಾಗದ ಜೋಕನ್ನು ಗಟ್ಟಿಯಾಗಿ ಓದಿಕೊಂಡು, ಅರ್ಥವಾದವನ ಹಾಗೆ ತಾನೇ ನಗುತ್ತಾ ಅಡಿಗೆಮನೆಗೆ ಬಂದ. ಒಲೆ ಮುಂದೆ ಕೂತಿದ್ದ ಆಯಿಗೆ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಇಟ್ಟುಕೊಂಡು ಎದ್ದು ಬಚ್ಚಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಇವನು ಬಚ್ಚಲ ಬಾಗಿಲಲ್ಲಿ ನಿಂತು, ಇನ್ನೊಂದು ಓದಲಾ, ಇನ್ನೊಂದು ಓದಲಾ ಅಂತ ಕೇಳುತ್ತಲೇ ಇದ್ದ.

ಆಮೇಲೆ ಅವನು ಓದುವುದನ್ನು ನಿಲ್ಲಿಸಲೇ ಇಲ್ಲ ಅನ್ನು. ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದ ಮೇಲಂತೂ ಕೇಳುವುದೇ ಬೇಡ. ಟ್ರಂಕ್ ಕಾಲಿಗೆ ಮೂರು ಮೂರು ನಿಮಿಷದ ಲೆಕ್ಕವಲ್ಲವೇ ಆಗ, ಮನೆಗೆ ಬಂದ ನೆಂಟರು ಹೊಸಿಲಲ್ಲಿ ನಿಂತು ಮಾತು ಬೆಳೆಸಿದರೆ ಒಳಗಿನಿಂದ ‘ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?’ ಅಂತ ಕೂಗುತ್ತಿದ್ದ. ಮಳೆಗಾಲದಲ್ಲಿ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಬರುತ್ತದಲ್ಲ, ತುಂಬಿದರೆ 1819 ಅಡಿ, ಅದನ್ನು ನೋಡಿಕೊಂಡು ನನಗೆ ಫೋನು: ‘ಅಕ್ಕ, ಇವತ್ತು ನಮ್ಮ ಬಚ್ಚಲು ಮುಳುಗ್ತು. ನಾಡಿದ್ದು ಅಡಿಗೆಮನೆ. ಉಪ್ಪಿನಕಾಯಿ ಭರಣಿ ಎತ್ತಿಡು!’ ಮನೆ ಕಳೆದುಕೊಂಡವರಲ್ಲಿ ಆ ಅಂಕಿಗೆ ನಗಬಲ್ಲವನು ಅವನೊಬ್ಬನೇ. ನಾನು ಬೈಯುತ್ತಿದ್ದೆ. ಈ ವರ್ಷ ಪೇಪರು ಬಂದರೆ ನಾನೇ ಮೊದಲು ಆ ಅಂಕಿ ಹುಡುಕುತ್ತೇನೆ.

ಈಗ ಒಂದು ಮಾತು. ಬರೆಯಲೋ ಬೇಡವೋ ಅಂತ ಲೋಟ ಕಾಫಿ ಆರುವಷ್ಟು ಹೊತ್ತು ಕೂತಿದ್ದೆ.

ಲಿಫ್ಟಿನ ಕಥೆಯನ್ನು ನೀನು ಹೇಳುವುದಕ್ಕೆ ಎಷ್ಟೋ ಮೊದಲು ಅವನೇ ನನಗೆ ಹೇಳಿದ್ದ, ಅದೇ ದಿನ ರಾತ್ರಿ, ನಿಮ್ಮ ಬಾಲ್ಕನಿಯಿಂದ. ಅವನದು ಫೋನಿನಲ್ಲಿ ಮಾತೆಂದರೆ ಕೂಗುವುದೇ ತಾನೇ, ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ನೀನು ಏಳನೇ ಮಹಡಿ ಅಂತ ಬರೆದಿದ್ದೀಯ, ಅವನು ನನಗೆ ಹನ್ನೆರಡು ಅಂದಿದ್ದ. ಬರಿಗಾಲಲ್ಲಿ ಕೆಳಗೆ ಬಂದರೆ ಚಪ್ಪಲಿ ಇಲ್ಲ, ಸೆಕ್ಯುರಿಟಿಯವನು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಸಹಿ ಹಾಕಿಸಿಕೊಂಡು ಕೊಟ್ಟ ಅಂತೆಲ್ಲ ಸೇರಿಸಿದ್ದ. ನಿನ್ನ ಕಥೆಯಲ್ಲಿ ರಿಜಿಸ್ಟರ್ ಇಲ್ಲ. ನಿಜ ಯಾವುದೋ! ನಕ್ಕು ಮುಗಿದ ಮೇಲೆ ದನಿ ತಗ್ಗಿಸಿದ. ಅವನು ದನಿ ತಗ್ಗಿಸುವುದು ಅಪರೂಪ, ಅದಕ್ಕೇ ನೆನಪಿದೆ. ‘ಅವಳ ಆಫೀಸಿನ ಹುಡುಗಿ ಒಬ್ಳು ಜೊತೆಗಿದ್ಳು ಅಕ್ಕ. ಮಗಳ ಮುಖ ನೋಡಕ್ಕೆ ಧೈರ್ಯ ಆಗ್ಲಿಲ್ಲ. ನಾಚಿಕೆ ಆಯ್ತೇನೋ ಪಾಪ’ ಅಂದ.

ಬರೆದಾಯಿತು, ಇನ್ನು ಹೊಡೆದು ಹಾಕುವುದಿಲ್ಲ. ನೀನು ಆ ದಿನ ನಕ್ಕೆಯೋ ಮುಖ ತಿರುಗಿಸಿದೆಯೋ ನಾನು ಕೇಳುವುದಿಲ್ಲ. ಆ ವಯಸ್ಸಿನಲ್ಲಿ ನಾನಾಗಿದ್ದರೆ ಲಿಫ್ಟಿನ ಮೂಲೆ ನೋಡುತ್ತಾ ನಿಂತಿರುತ್ತಿದ್ದೆ. ಅವನಿಗಿದ್ದ ಹೆದರಿಕೆ ಏನು ಅಂತ ನಿನಗೆ ತಿಳಿದಿರಲಿ ಅಂತಷ್ಟೇ. ಮಗಳಿಗೆ ನಾಚಿಕೆಯಾಯಿತೇನೋ ಅಂತ ಅವನು, ಅಪ್ಪನನ್ನು ನಗೆಪಾಟಲು ಮಾಡಿದೆನೇನೋ ಅಂತ ನೀನು. ಅದೇ ಕಥೆಯನ್ನು ನೀನು ಊಟದ ಟೇಬಲ್ಲಿನಲ್ಲಿ ಎಲ್ಲರೆದುರು ‘ನಮ್ಮಪ್ಪ’ ಅಂತ ಶುರು ಮಾಡಿ ಹೇಳಿದೆ ಅಂದರೆ ಅವನಿಗೆ ಇನ್ನೇನು ಬೇಕಿತ್ತು? ಮಹಡಿ ಕಮ್ಮಿ ಮಾಡಿದ್ದೀಯ ಅಂತ ಜಗಳ ಆಡುತ್ತಿದ್ದ, ಅಷ್ಟೇ.

ಹಾಗಂತ ನಿನ್ನ ಭಯ ಸುಳ್ಳಲ್ಲ. ಒಂದೇ ಕಥೆಯನ್ನು ಹೇಳುತ್ತಾ ಹೋದರೆ ಅವನು ಆ ಲಿಫ್ಟಿನೊಳಗೇ ಉಳಿದುಬಿಡುತ್ತಾನೆ. ಬೇರೆಯದನ್ನೂ ಹೇಳು. ನಗು ಬಾರದ್ದನ್ನೂ ಹೇಳು, ಜನ ಸುಮ್ಮನೆ ಕೇಳಿಸಿಕೊಂಡು ಡಬ್ಬಿ ಮುಚ್ಚಿದರೆ ಮುಚ್ಚಲಿ. ಅವನ ಸಿಟ್ಟು ಗೊತ್ತಲ್ಲ ನಿನಗೆ, ಉಪ್ಪು ಕಮ್ಮಿಯಾದರೆ ತಟ್ಟೆ ದೂಡುತ್ತಿದ್ದ. ನಿನ್ನ ಫೀಸು ಕಟ್ಟಲು ನನ್ನ ಹತ್ತಿರ ಸಾಲ ಕೇಳಲಾರದೆ ಮೂರು ಸಲ ಬಂದು ಬರೀ ಟೀ ಕುಡಿದು ಹೋದದ್ದು ನಿನಗೆ ಗೊತ್ತಿಲ್ಲ. ಬಂದಾಗ ಅದನ್ನೂ ಹೇಳುತ್ತೇನೆ. ಆ ಹುಡುಗನಿಗೆ ಅಪ್ಪನ ಹೆಸರು ಹೇಳಿದ್ದೀಯಾ? ಹೇಳಿ ನೋಡು. ಬುದ್ಧಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ, ಎಪ್ಪತ್ತು ದಾಟಿದವರಿಗೆ ಅದೊಂದು ಚಟ.

ಮತ್ತೆ, ಅಮ್ಮನನ್ನು ಕೇಳು. ಅವಳು ಅಳುತ್ತಾಳೆ ಅಂತ ನೀನು ಮನೆಯಲ್ಲಿ ಅಪ್ಪನ ಮಾತೇ ತೆಗೆಯುವುದಿಲ್ಲ ಅಂತ ಬರೆದಿದ್ದೀಯಲ್ಲ, ನಿಜ ಹೇಳಬೇಕೆಂದರೆ ನನಗೆ ಭಯವಾಗಿದ್ದು ಅಲ್ಲಿ. ಆಫೀಸಿನವರ ಹತ್ತಿರ ಹೇಳಿ ನಗುತ್ತೀಯ, ಮನೆಗೆ ಬಂದು ಇಬ್ಬರೂ ಟಿವಿ ನೋಡುತ್ತೀರಿ. ಅಳಲಿ ಬಿಡು. ಅಳುವಿನ ನಡುವೆ ಅವಳು ನಿನಗೆ ಗೊತ್ತಿಲ್ಲದ್ದೊಂದು ಹೇಳಿಯಾಳು, ಮದುವೆಯಾದ ಹೊಸದರದ್ದು. ಅವಳು ತಡೆದುಕೊಳ್ಳುತ್ತಾಳೋ ಇಲ್ಲವೋ ನಾನು ಇಲ್ಲಿ ಕೂತು ಹೇಗೆ ಹೇಳಲಿ, ನೀನು ಪಕ್ಕದಲ್ಲಿದ್ದೀಯ, ಮುಖ ನೋಡಿಕೊಂಡು ಕೇಳು. ಫೋನಿನಲ್ಲಿರುವ ಅವನ ದನಿ ಅಳಿಸಬೇಡ. ಕೇಳಬೇಕು ಅಂತಿಲ್ಲ, ಇರಲಿ.

ವರ್ಷಾಂತಿಕ ಇಲ್ಲೇ ಮಾಡೋಣ, ಫೋನಿನಲ್ಲಿ ಹೇಳುತ್ತೇನೆ ಅಂದಿದ್ದೆ, ಇಲ್ಲೇ ಬರೆದುಬಿಟ್ಟೆ. ಹಲಸಿನ ಹಪ್ಪಳ ಎರಡು ಕಟ್ಟು ತೆಗೆದಿಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗು. ಆ ಆಫೀಸಿನ ಹುಡುಗ ಜೋಗ ನೋಡಿಲ್ಲವಾದರೆ ಮಳೆ ಜೋರಾದ ಮೇಲೆ ಎಲ್ಲರನ್ನೂ ಕರೆದುಕೊಂಡು ಬಾ. ತಾಳಗುಪ್ಪದ ರೈಲು ರಾತ್ರಿ ಹತ್ತಿದರೆ ಬೆಳಿಗ್ಗೆ ಸಾಗರದಲ್ಲಿ ಇಳಿಯಬಹುದು. ನಮ್ಮ ಜಗಲಿ ಹತ್ತುವ ಮೊದಲು ಚಪ್ಪಲಿ ಹೊರಗೆ ಬಿಡಬೇಕು ಅಂತ ಮಾತ್ರ ಅವನಿಗೆ ಮೊದಲೇ ಹೇಳಿರು.

ಇಂತಿ ನಿನ್ನ
ಅತ್ತೆ