ರಾಮೇಶ್ವರಕ್ಕೆ ಹೊರಡುವ ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ. ತುಮಕೂರಿನಿಂದ ಹೊರಡುವ ನಮ್ಮ ತಂಡದಲ್ಲಿ ಕೆರೆಗಳಲ್ಲಿ ಗಾಳ ಹಾಕಿ ರೂಢಿಯಿರುವವರೂ ಇರುವುದರಿಂದ ಈ ಸೂಚನೆಯನ್ನು ದಯವಿಟ್ಟು ಪೂರ್ತಿಯಾಗಿ ಓದಿರಿ. ರಾಮೇಶ್ವರದ ಕಡೆಯಿಂದ ತೂತ್ತುಕುಡಿಯವರೆಗೆ ಹಬ್ಬಿರುವ ಮನ್ನಾರ್ ಕೊಲ್ಲಿಯ 21 ದ್ವೀಪಗಳನ್ನೂ ಅವುಗಳ ಸುತ್ತಲಿನ ಆಳವಿಲ್ಲದ ನೀರನ್ನೂ 1986ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿದೆ. ಅದರೊಳಗೆ ಮೀನು ಹಿಡಿಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ದ್ವೀಪಗಳಿಗೆ ಕಾಲಿಡುವಂತೆಯೂ ಇಲ್ಲ.

ಅಲ್ಲಿನ ಕಡಲಹಸು ನೀರಿನಡಿಯ ಹುಲ್ಲನ್ನು ಬುಡಸಮೇತ ಕಿತ್ತು ಮೇಯುವ ಸಾಧು ಪ್ರಾಣಿ. ಮೀನಿಗಿರುವಂತೆ ಕಿವಿರುಗಳಿಲ್ಲದ ಕಾರಣ ಅದು ಉಸಿರಿಗಾಗಿ ಕೆಲವೇ ನಿಮಿಷಗಳಿಗೊಮ್ಮೆ ಮೇಲೆ ಬರಲೇಬೇಕು, ಹೀಗಾಗಿ ಬಲೆಗೆ ಸಿಕ್ಕಿದರೆ ಮುಳುಗಿಯೇ ಸಾಯುತ್ತದೆ. ಈ ಒಂದು ಸಂಗತಿ ತಿಳಿದ ಮೇಲೆ ನಿಯಮಗಳು ಕಠಿಣವೆಂದು ನನಗಂತೂ ಅನಿಸುವುದಿಲ್ಲ.

ಹವಳ, ಕಡಲಕುದುರೆ ಮತ್ತು ಸೌತೆಕಾಯಿಯಾಕಾರದ ಮೆತ್ತನೆಯ ಜೀವಿಯಾದ ಕಡಲಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ದಡದಲ್ಲಿ ಬಿದ್ದಿರುವ ಒಣ ಹವಳವೆಂದು ದೇವರ ಮನೆಗೋ ಮಕ್ಕಳ ಆಟಕ್ಕೋ ಎತ್ತಿಕೊಳ್ಳಬಾರದು; ಜೀವವಿಲ್ಲದ ತುಂಡಾದರೂ ಇಟ್ಟುಕೊಳ್ಳುವುದು ಅಪರಾಧವೇ. ಕೆಲವು ಜಾತಿಯ ಚಿಪ್ಪುಗಳೂ ಇದೇ ಕಾಯ್ದೆಯಡಿ ಬರುವುದರಿಂದ, ಯಾವುದೆಂದು ಖಚಿತವಿಲ್ಲದ ಚಿಪ್ಪನ್ನು ಅಂಗಡಿಯಲ್ಲಿಯೂ ಕೊಳ್ಳದಿರುವುದು ಒಳ್ಳೆಯದು. ಗಾಳ, ಬಲೆಗಳನ್ನು ಬಸ್ಸಿಗೆ ತರದೆ ಮನೆಯಲ್ಲಿಯೇ ಬಿಟ್ಟು ಬರಬೇಕಾಗಿ ವಿನಂತಿ.