ಹದಿನಾಲ್ಕಕ್ಕೆ ನಿಂತ ಎಣಿಕೆ

ಬೇಸಿಗೆ ರಜೆ ಮುಗಿದು ಬೆಟಗೇರಿಯ ನಮ್ಮ ಶಾಲೆಗೆ ಸೋಮವಾರ ಮತ್ತೆ ಹೋದೆ. ಕೊನೆಯ ಪಿರಿಯಡ್‌ವರೆಗೂ ರೆಪ್ಪೆ ಜೋತು ಬೀಳಲಿಲ್ಲ, ಮಾತು ಮೂಗಿಗೇರಲಿಲ್ಲ. ಸ್ನಾಯುಗಳು ಬೇಗ ಸೋತುಹೋಗುವ ಮಯಸ್ತೇನಿಯಾ ಕಾಯಿಲೆಯ ಕಥೆ, ಅದಕ್ಕಾಗಿ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದ ಆಪರೇಷನ್ನಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಬಾಕಿ ಉಳಿದಿರುವುದು ಧನ್ಯವಾದ.

ರಕ್ತ ಕೊಟ್ಟವರು, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ಹುಬ್ಬಳ್ಳಿಯ ಆಸ್ಪತ್ರೆಗೆ ದಿನವೂ ರೊಟ್ಟಿ ಬುತ್ತಿ ಕಳಿಸಿದ ಕಾಕೂ, ಎಲ್ಲರಿಗೂ ಕೈಮುಗಿಯುತ್ತೇನೆ.

ಅರಿವಳಿಕೆ ವೈದ್ಯೆ ಆಪರೇಷನ್ನಿನ ಹಿಂದಿನ ಸಂಜೆ ಬಂದು ನನ್ನ ಮಂಚದ ಮೇಲೆಯೇ ಕುಳಿತರು. ಶ್ವಾಸನಾಳಕ್ಕೆ ಕೊಳವೆ ಹಾಕುವ ಮುನ್ನ ಸಾಮಾನ್ಯವಾಗಿ ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಡುತ್ತಾರಂತೆ. ಆಗ ಧ್ವನಿತಂತುಗಳು ತೆರೆದುಕೊಳ್ಳುತ್ತವೆ, ರೋಗಿ ಕೆಮ್ಮುವುದಿಲ್ಲ, ಕೊಳವೆ ಸಲೀಸಾಗಿ ಇಳಿಯುತ್ತದೆ. ನನ್ನಲ್ಲಿ ನರದ ಸಂದೇಶವನ್ನು ಸ್ನಾಯು ಹಿಡಿದುಕೊಳ್ಳುವ ಜಾಗವೇ ಹಾಳಾಗಿದೆ. ಆ ಔಷಧ ಸ್ವಲ್ಪವೇ ಕೊಟ್ಟರೂ ಬಹಳ ಹೊತ್ತು ಬಿಡದೆ ಹಿಡಿಯಬಹುದು, ಸ್ವಂತ ಉಸಿರು ಮರಳುವುದು ತಡವಾಗಬಹುದು. 'ಅದಿಲ್ಲದೆಯೇ ಹಾಕುತ್ತೇನೆ' ಎಂದರು. ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ಮತ್ತು ಗಟ್ಟಿಯಾದ ನೋವುನಿವಾರಕದಿಂದ ಆಳವಾದ ನಿದ್ದೆ, ಧ್ವನಿತಂತುಗಳ ಮೇಲೆ ಮರಗಟ್ಟಿಸುವ ಲಿಗ್ನೋಕೇನ್ ಸಿಂಪಡಣೆ, ರಕ್ತದೊತ್ತಡ ಕುಸಿಯದಂತೆ ಕಾವಲು. ಅವಸರ ಮಾಡುವ ಹಾಗಿಲ್ಲ ಎಂದೂ ಹೇಳಿದರು. ಆ ನಿಮಿಷಗಳಲ್ಲಿ ಒಂದೂ ನನ್ನ ನೆನಪಿನಲ್ಲಿಲ್ಲ. ಆಪರೇಷನ್ ಮುಗಿದ ಸಂಜೆಯೇ ಕೊಳವೆ ತೆಗೆದರು. ನಾನು ನೋಡದ ಆ ತಾಳ್ಮೆಯ ಋಣ ನನ್ನ ಮೇಲಿದೆ, ಡಾಕ್ಟರೇ.

ಇನ್ನು ನಮ್ಮ ವೈನಿ, ಅಣ್ಣನ ಹೆಂಡತಿ.

ಸಂಕ್ರಾಂತಿ ಕಳೆದ ವಾರವದು. ಬ್ಯಾಡಗಿಯಲ್ಲಿ ಕಣದ ತುಂಬ ಒಣಹಾಕಿದ ಮೆಣಸಿನಕಾಯಿಯನ್ನು ಅಣ್ಣನಿಗೆ ಒಪ್ಪಿಸಿ ಬಂದುಬಿಟ್ಟಿದ್ದರು. ತೊಟ್ಟು ಬಿಡಿಸಿದ ಬೆರಳುಗಳ ಖಾರ ಎಷ್ಟು ತೊಳೆದರೂ ಹೋಗಿರಲಿಲ್ಲ. ಹಾಗಾಗಿ ನನ್ನ ಕಣ್ಣನ್ನು ಮುಂಗೈಯ ಹಿಂಬದಿಗೆ ಸೆರಗು ಸುತ್ತಿಕೊಂಡು ಒರೆಸುತ್ತಿದ್ದರು.

ವೈದ್ಯೆ ಅವರಿಗೊಂದು ಕೆಲಸ ಹಚ್ಚಿದ್ದರು: ನಾನು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೇನೆ ಎಂದು ಆಗಾಗ ನೋಡಬೇಕು, ಇಪ್ಪತ್ತಕ್ಕಿಂತ ಕೆಳಗಿಳಿದರೆ ತಕ್ಷಣ ಕರೆಯಬೇಕು. ವಾರ್ಡಿಗೆ ಬಂದ ಮೊದಲ ರಾತ್ರಿ. ಸಂಜೆ ಇಪ್ಪತ್ತೇಳು. ನಡುರಾತ್ರಿ ಇಪ್ಪತ್ತೊಂದು. ವೈನಿ ಬುತ್ತಿಯ ಮೇಲೆ ಸುತ್ತಿ ಬಂದಿದ್ದ ಪತ್ರಿಕೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಎರಡೂವರೆಗೆ ಹದಿನಾಲ್ಕಕ್ಕೆ ನಿಂತುಹೋಯಿತು.

ಸಾವಿಗೆ ನಾನು ಮೊದಲೂ ಹೆದರಿದ್ದೆ. ಆ ರಾತ್ರಿಯ ಭಯ ಬೇರೆ. ಉಸಿರು ನಿಂತರೆ ಕೂಗಲೂ ಆಗುವುದಿಲ್ಲ, ಪಕ್ಕದ ಮಂಚದವರು ಮಲಗಿಯೇ ಇರುತ್ತಾರೆ, ನಾನು ಕಣ್ಣು ಬಿಟ್ಟುಕೊಂಡೇ ಹೋಗುತ್ತೇನೆ. ಇದನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ವೈನಿ ಮರುಮಾತಾಡದೆ ಎದ್ದು ನರ್ಸನ್ನು ಕರೆತಂದರು. ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ಮತ್ತೆ ಕೊಳವೆ ಹಾಕುವ ಸಂದರ್ಭ ಬರಲಿಲ್ಲ. ಬೆಳಗಾಗುವವರೆಗೆ ವೈನಿ ಕೂರಲಿಲ್ಲ. ಮಾಸ್ಕಿನೊಳಗೆ ನಾನು ಮಾತಾಡುವ ಹಾಗಿರಲಿಲ್ಲವಲ್ಲ, ನನ್ನ ಅಂಗೈ ಮೇಲೆ ತಮ್ಮ ಬೆರಳಿನಿಂದ ನನ್ನ ಒಂದೊಂದು ಉಸಿರಿಗೂ ಒಂದೊಂದು ಸಾರಿ ತಟ್ಟುತ್ತಾ ನಿಂತಿದ್ದರು. ಆ ಜಾಗ ಬೆಳಿಗ್ಗೆ ಖಾರಕ್ಕೆ ಸಣ್ಣಗೆ ಉರಿಯುತ್ತಿತ್ತು. ಉರಿ ಗೊತ್ತಾಗುತ್ತಿದೆ ಎಂಬುದೇ ನನಗೆ ದೊಡ್ಡದಾಗಿತ್ತು.

ಆ ಸಲ ಕಣದಲ್ಲಿ ಮೆಣಸಿನಕಾಯಿ ಇಬ್ಬನಿಗೆ ನೆಂದು ಬಣ್ಣಗೆಟ್ಟು, ದರ ಸಿಗಲಿಲ್ಲವೆಂದು ಅಣ್ಣನಿಂದ ಆಮೇಲೆ ತಿಳಿಯಿತು. ವೈನಿ ಒಮ್ಮೆಯೂ ಬಾಯಿಬಿಟ್ಟಿಲ್ಲ.

ವೈನಿ, ನಿನ್ನೆ ರಾತ್ರಿ ನಲವತ್ತಮೂರರವರೆಗೆ ಎಣಿಸಿದೆ. ಮುಂದಿನ ಸಂಕ್ರಾಂತಿಗೆ ಬ್ಯಾಡಗಿಗೆ ಬರುತ್ತೇನೆ. ತೊಟ್ಟು ಬಿಡಿಸಲು ನನಗೂ ಒಂದು ಮೊರ ತೆಗೆದಿಡಿ.