ನಡೆಯಲಾಗದ ಹೃದ್ರೋಗಿಗಳಿಗೂ ಪುನಶ್ಚೇತನ ಸಿಗಲಿ

ಮಾನ್ಯ ಸಂಪಾದಕರೇ,

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳುವವರ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ, ಉಪ್ಪು–ನೀರಿನ ಮಿತಿ, ದಿನವೂ ತೂಕ ನೋಡಿಕೊಳ್ಳುವ ಸೂಚನೆಗಳ ಕೆಳಗೆ ‘ಲಘು ನಡಿಗೆ’ ಎಂಬ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡುವವರಿಗೆ ಅದು ಪಾಲಿಸಲಾಗದ ಸಲಹೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಬಾಡಿಗೆ ಮನೆಗಳೂ ಕಿತ್ತುಹೋದ ಫುಟ್‌ಪಾತ್‌ಗಳೂ ತುಂಬಿರುವ ಬೆಂಗಳೂರಿನಲ್ಲಂತೂ ಇನ್ನೂ ದೂರದ ಮಾತು. ಇಂಥವರಿಗೆ ನೆರವಾಗಬಲ್ಲ ವಿದ್ಯುತ್ ಸ್ನಾಯು ಉತ್ತೇಜನ ಚಿಕಿತ್ಸೆಯತ್ತ ನಮ್ಮ ಆಸ್ಪತ್ರೆಗಳು ಗಮನ ಹರಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ದೀರ್ಘಕಾಲದ ಹೃದಯ ವೈಫಲ್ಯದಲ್ಲಿ ಆಯಾಸಕ್ಕೆ ಹೃದಯವೊಂದೇ ಕಾರಣವಲ್ಲ. ತಿಂಗಳುಗಟ್ಟಲೆ ರಕ್ತಪೂರೈಕೆ ತಗ್ಗಿ, ಓಡಾಟವೂ ನಿಂತಾಗ ತೊಡೆ, ಮೀನಖಂಡಗಳ ಸ್ನಾಯು ಕರಗುತ್ತದೆ, ದಣಿವು ತಾಳುವ ಬಗೆಯ ಎಳೆಗಳು ಕಡಿಮೆಯಾಗುತ್ತವೆ, ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಎಕೋ ವರದಿಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) ಒಂದೇ ಇರುವ ಇಬ್ಬರಲ್ಲಿ ಒಬ್ಬರು ಗಾಂಧಿ ಬಜಾರಿಗೆ ಹೋಗಿ ತರಕಾರಿ ತಂದರೆ, ಇನ್ನೊಬ್ಬರು ಹಾಸಿಗೆ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. ವ್ಯಾಯಾಮ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. 2,331 ರೋಗಿಗಳನ್ನು ಒಳಗೊಂಡು 2009ರಲ್ಲಿ ಪ್ರಕಟವಾದ ಎಚ್‌ಎಫ್–ಆ್ಯಕ್ಷನ್ ಅಧ್ಯಯನ, ಸ್ಥಿರ ಸ್ಥಿತಿಯಲ್ಲಿರುವವರಿಗೆ ವ್ಯಾಯಾಮ ಸುರಕ್ಷಿತವೆಂದು ತೋರಿಸಿತು. ಆದರೆ ಅದು ಟ್ರೆಡ್‌ಮಿಲ್ಲನ್ನೋ ಸೈಕಲ್ಲನ್ನೋ ಹತ್ತಬಲ್ಲವರ ಕತೆ.

ಹತ್ತಲಾಗದವರಿಗೆ ಉತ್ತೇಜನ ಯಂತ್ರ ಬೇಕಾಗುವುದು ಇಲ್ಲೇ. ತೊಡೆಯ ಮುಂಭಾಗಕ್ಕೂ ಮೀನಖಂಡಕ್ಕೂ ಅಂಟುಪಟ್ಟಿಗಳನ್ನು ಹಚ್ಚಿ, ಸೆಕೆಂಡಿಗೆ 10ರಿಂದ 50ರಷ್ಟು ಸಣ್ಣ ವಿದ್ಯುತ್ ಮಿಡಿತಗಳನ್ನು ಹರಿಸಿದರೆ, ಮಲಗಿದ್ದವರ ತೊಡೆಯ ಸ್ನಾಯು ಗಂಟುಕಟ್ಟಿ ಮೇಲೆದ್ದು, ಕೆಲವು ಕ್ಷಣ ಬಿಗಿದಿದ್ದು, ಸಡಿಲಾಗುತ್ತದೆ. ಮೊದಲು ಜುಮುಗುಟ್ಟುವಿಕೆಗೆ ಹೆದರುವವರೂ ಕ್ರಮೇಣ ಒಗ್ಗಿಕೊಳ್ಳುತ್ತಾರೆ. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ, ಐದರಿಂದ ಹತ್ತು ವಾರ: ಅಧ್ಯಯನಗಳಲ್ಲಿ ಹೆಚ್ಚಾಗಿ ಅನುಸರಿಸಿರುವುದು ಈ ಕ್ರಮ. ಆರು ನಿಮಿಷದಲ್ಲಿ ನಡೆಯಬಲ್ಲ ದೂರ, ಕಾಲಿನ ಬಲ ಮತ್ತು ದೈನಂದಿನ ಬದುಕಿನ ಗುಣಮಟ್ಟ ಇದರಿಂದ ಸುಧಾರಿಸಿರುವುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಅವು ಬಹುತೇಕ ಸಣ್ಣ ಪ್ರಯೋಗಗಳು. ಇದು ಆಯುಷ್ಯ ಹೆಚ್ಚಿಸುತ್ತದೆ ಎನ್ನಲು ಅವು ಸಾಲವು. ನಡೆಯಬಲ್ಲವರಿಗೆ ನಡಿಗೆ, ಸೈಕಲ್ಲಿಗಿಂತ ಇದು ಮೇಲೂ ಅಲ್ಲ. ನಡೆಯಲಾಗದವರ ಕಾಲಿಗೆ ಒಂದಿಷ್ಟು ಕಸುವು ತುಂಬಿ ಅವರನ್ನು ವ್ಯಾಯಾಮದ ಹಾದಿಗೆ ತರುವುದಷ್ಟೇ ಇದರ ಕೆಲಸ, ಮಾತ್ರೆ ನಿಲ್ಲಿಸಲು ಇದು ನೆಪವಾಗಬಾರದು.

ಪೇಸ್‌ಮೇಕರ್ ಅಥವಾ ಐಸಿಡಿ (ಅಪಾಯಕಾರಿ ಹೃದಯ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸಿಕೊಂಡವರ ವಿಷಯದಲ್ಲಿ ಮಾತ್ರ ಎಚ್ಚರ ತಪ್ಪುವಂತಿಲ್ಲ. ಹೊರಗಿನ ವಿದ್ಯುತ್ ಮಿಡಿತವನ್ನು ಆ ಸಾಧನ ಹೃದಯದ ಬಡಿತವೆಂದು ತಪ್ಪಾಗಿ ಗ್ರಹಿಸಿದರೆ, ಕೊಡಬೇಕಾದ ಪ್ರಚೋದನೆಯನ್ನು ತಡೆಹಿಡಿಯಬಹುದು ಅಥವಾ ಅನಗತ್ಯವಾಗಿ ಶಾಕ್ ಕೊಡಬಹುದು. ಹೃದ್ರೋಗ ತಜ್ಞರ ಅನುಮತಿ, ಸಾಧನದ ತಪಾಸಣೆ ಇಲ್ಲದೆ ಅಂಥವರ ಮೈಗೆ ಅಂಟುಪಟ್ಟಿ ಹಚ್ಚಲೇಬಾರದು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರುವವರಿಗೂ ಇದು ಸಲ್ಲದು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಯಂತ್ರವನ್ನು ತರಿಸಿ ಮನೆಯಲ್ಲೇ ಪ್ರಯೋಗಕ್ಕಿಳಿಯುವುದು ಅಪಾಯ. ಮೈತುಂಬ ತಂತಿಯ ಅಂಗಿ ತೊಡಿಸಿ ಇಪ್ಪತ್ತು ನಿಮಿಷದಲ್ಲಿ ಮೈಕಟ್ಟು ಕೊಡುವುದಾಗಿ ಹೇಳುವ ಫಿಟ್‌ನೆಸ್ ಸ್ಟುಡಿಯೊಗಳಿಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ (ಆರೋಗ್ಯವಂತರಿಗೇ ಆ ಉತ್ಸಾಹ ಅತಿಯಾದರೆ ಸ್ನಾಯು ಹಾನಿಯಾಗುತ್ತದೆ).

ಇದಕ್ಕಾಗಿ ಕೋಟಿಗಟ್ಟಲೆ ಸುರಿಯಬೇಕಿಲ್ಲ. ಮುಖದ ಪಾರ್ಶ್ವವಾಯುವಿಗೆ, ಮಂಡಿ ಶಸ್ತ್ರಚಿಕಿತ್ಸೆಯ ನಂತರದ ತೊಡೆ ದೌರ್ಬಲ್ಯಕ್ಕೆ ಬಳಸುವ ಸ್ನಾಯು ಉತ್ತೇಜಕಗಳು ದೊಡ್ಡ ಆಸ್ಪತ್ರೆಗಳ ಫಿಸಿಯೊಥೆರಪಿ ವಿಭಾಗಗಳಲ್ಲಿ ಈಗಾಗಲೇ ಇವೆ. ಹೃದ್ರೋಗ ವಿಭಾಗದಿಂದ ಅಲ್ಲಿಗೆ ರೋಗಿಯನ್ನು ಕಳುಹಿಸುವ ವ್ಯವಸ್ಥೆ ಬೇಕು. ಯಾರಿಗೆ ಸೂಕ್ತ, ಯಾರಿಗೆ ಬೇಡ, ಎಷ್ಟು ಪ್ರಮಾಣ ಎಂಬ ಕ್ರಮವನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಯ ತಜ್ಞರು ರೂಪಿಸಿಕೊಟ್ಟರೆ ಉಳಿದ ಆಸ್ಪತ್ರೆಗಳಿಗೂ ದಾರಿಯಾಗುತ್ತದೆ. ಚಿಕಿತ್ಸೆಯ ಮೊದಲೂ ಕೊನೆಗೂ ಆರು ನಿಮಿಷದ ನಡಿಗೆ ಪರೀಕ್ಷೆ ನಡೆಸಿ ದಾಖಲಿಸಿದರೆ ಫಲ ಸಿಕ್ಕಿದೆಯೇ ಎಂಬುದೂ ತಿಳಿಯುತ್ತದೆ. ಸಿಲ್ಕ್ ಬೋರ್ಡ್ ದಾಟಿ ದಿನವೂ ಆಸ್ಪತ್ರೆಗೆ ಬನ್ನಿ ಎಂದರೆ ಈ ರೋಗಿಗಳು ಬರಲಾರರು; ಆದ್ದರಿಂದ ಮೊದಲ ವಾರ ಆಸ್ಪತ್ರೆಯಲ್ಲಿ ನಿಗಾದಲ್ಲಿಟ್ಟು, ಮನೆಯವರಿಗೆ ಬಳಕೆ ಕಲಿಸಿ, ನಂತರ ಠೇವಣಿ ಪಡೆದು ಯಂತ್ರವನ್ನು ಎರವಲು ಕೊಡುವ ಏರ್ಪಾಡನ್ನು ಆರೋಗ್ಯ ಇಲಾಖೆ ನಗರದ ಒಂದೆರಡು ಆಸ್ಪತ್ರೆಗಳಲ್ಲಾದರೂ ಪ್ರಾಯೋಗಿಕವಾಗಿ ಆರಂಭಿಸಬೇಕು.

– ನಿವೃತ್ತ ಫಿಸಿಯೊಥೆರಪಿಸ್ಟ್, ಬಸವನಗುಡಿ, ಬೆಂಗಳೂರು